‘ಫಿಕ್ಸಸ್’, ‘ಕ್ಲೋಸಸ್’, ‘ರೆಫ್ಸ್’: ಕಮಿಟ್‌ಗೂ ಟಿಕೆಟ್‌ಗೂ ಗಂಟು ಹಾಕುವ ಮಾತಿಗೆ ಕನ್ನಡ ಯಾವುದು?

ಎಲ್ಲರಿಗೂ ನಮಸ್ಕಾರ.

ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಇಬ್ಬರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕಮಿಟ್ (ಕೋಡಿನಲ್ಲಿ ಮಾಡಿದ ಬದಲಾವಣೆಯನ್ನು ಒಂದು ಸಂದೇಶದ ಜೊತೆ ದಾಖಲಿಸುವುದು), ಬ್ರಾಂಚ್ (ಕೋಡಿನ ಒಂದು ಕವಲು), ಮರ್ಜ್ (ಒಂದು ಕವಲನ್ನು ಇನ್ನೊಂದಕ್ಕೆ ಸೇರಿಸುವುದು) ಇವನ್ನೆಲ್ಲ ಹಾಗೇ ಇಟ್ಟುಕೊಂಡಿದ್ದೇನೆ. ದಿನವಿಡೀ ನಾವು ಆಡುವುದೇ ಹಾಗೆ: “ಕಮಿಟ್ ಮಾಡಿದ್ಯಾ?”, “ಇನ್ನೂ ಮರ್ಜ್ ಆಗಿಲ್ಲ”. ಅವನ್ನು ಬದಲಿಸುವ ಆಸೆ ನನಗಿಲ್ಲ. ನಾನು ಸಿಕ್ಕಿಹಾಕಿಕೊಂಡಿರುವುದು ಕಮಿಟ್ ಸಂದೇಶದಲ್ಲಿ ಟಿಕೆಟ್ (ಒಂದು ದೂರು ಅಥವಾ ಬೇಡಿಕೆಯ ದಾಖಲೆ) ನಂಬರಿನ ಮುಂಚೆ ಬರುವ ಪುಟ್ಟ ಮಾತಿನಲ್ಲಿ. ಫಿಕ್ಸಸ್, ಕ್ಲೋಸಸ್, ರಿಸಾಲ್ವ್ಸ್, ರೆಫ್ಸ್ (‘ರೆಫರೆನ್ಸಸ್’ನ ಚಿಕ್ಕ ರೂಪ). ಇವಕ್ಕೆ ಕನ್ನಡದಲ್ಲಿ ಏನನ್ನೋಣ?

ಯಾಕೆ ಇಷ್ಟು ತಲೆಕೆಡಿಸಿಕೊಂಡಿದ್ದೇನೆ ಅಂದರೆ, ಕಳೆದ ಮಳೆಗಾಲದಲ್ಲಿ ಹೀಗಾಯಿತು. ನಾವು ಮಾಡಿಕೊಟ್ಟ ಲೆಕ್ಕದ ತಂತ್ರಾಂಶದಲ್ಲಿ ‘ಖರ್ಚು’ ಎಂಬುದು ‘ಖರ್‌ಚು’ ಎಂದು ಒಡೆದು ಕಾಣುತ್ತಿತ್ತು. ಟಿಕೆಟ್ ನಂಬರ್ 214. ನಮ್ಮ ಹುಡುಗನೊಬ್ಬ ಫಾಂಟ್ ಬದಲಿಸಿದ, ಪರದೆಯ ಮೇಲೆ ಸರಿಹೋಯಿತು. ‘ಫಿಕ್ಸಸ್ #214’ ಎಂದು ಬರೆದು ಕಮಿಟ್ ಮಾಡಿದ. ಆದರೆ ಪಿಡಿಎಫ್ ತಯಾರಿಸುವ ಭಾಗ ಬೇರೆ. ಅಲ್ಲಿ ಒತ್ತಕ್ಷರ ಜೋಡಿಸುವ ಕೆಲಸವೇ ಆಗುತ್ತಿರಲಿಲ್ಲ. ಮರ್ಜ್ ಆದ ಕೂಡಲೇ ಟಿಕೆಟ್ ತಾನಾಗಿಯೇ ಮುಚ್ಚಿಕೊಂಡಿತು. ಮುಚ್ಚಿದ ಟಿಕೆಟ್ಟನ್ನು ಪರೀಕ್ಷೆ ಮಾಡುವವರು ತೆರೆದು ನೋಡಲಿಲ್ಲ. ಹತ್ತು ದಿನವಾದ ಮೇಲೆ, ಒಡೆದ ಅರ್ಕಾವತ್ತಿನ ರಸೀದಿಯನ್ನು ಗ್ರಾಹಕರೇ ಫೋಟೋ ತೆಗೆದು ಕಳಿಸಿದರು.

ಹುಡುಗ ಸುಳ್ಳು ಬರೆದಿರಲಿಲ್ಲ. ಅವನ ಮನಸ್ಸಿನಲ್ಲಿ ‘ಫಿಕ್ಸಸ್’ ಅಂದರೆ “ಇದರ ಮೇಲೆ ಕೆಲಸ ಮಾಡಿದ್ದೇನೆ”. ಕೋಡನ್ನೂ ಟಿಕೆಟ್‌ಗಳನ್ನೂ ಇಡುವ ತಾಣವಾದ ಗಿಟ್‌ಹಬ್‌ಗೆ ಅದೇ ಮಾತು ಒಂದು ಆಜ್ಞೆ. ಕ್ಲೋಸ್, ಫಿಕ್ಸ್, ರಿಸಾಲ್ವ್, ಇವುಗಳ ಮೂರು ಮೂರು ರೂಪ ಸೇರಿ ಒಟ್ಟು 9 ಪದ ಅದಕ್ಕೆ ಗೊತ್ತು. ಮುಖ್ಯ ಬ್ರಾಂಚಿಗೆ ಕಮಿಟ್ ಬಂದು ಸೇರಿದೊಡನೆ ಒಂಬತ್ತಕ್ಕೂ ಒಂದೇ ಫಲ: ಟಿಕೆಟ್ ಬಂದ್. ಹಿಂದೆ ಕೋಡ್ ಇಡಲು ಸಬ್‌ವರ್ಷನ್, ಅದರ ಜೊತೆ ಟಿಕೆಟ್ಟಿಗೆ ಟ್ರ್ಯಾಕ್ ಬಳಸುತ್ತಿದ್ದಾಗಲೂ ಹೀಗೇ ಒಂದು ಸಣ್ಣ ಸ್ಕ್ರಿಪ್ಟ್ ಇತ್ತು. ‘ಕ್ಲೋಸಸ್’ ಎಂದರೆ ಮುಚ್ಚುತ್ತಿತ್ತು, ‘ರೆಫ್ಸ್’ ಎಂದರೆ ಟಿಕೆಟ್ಟಿನಲ್ಲಿ ಒಂದು ಟಿಪ್ಪಣಿ ಸೇರಿಸಿ ಸುಮ್ಮನಾಗುತ್ತಿತ್ತು.

ಇನ್ನೂ ಗೋಜಲು, ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಲಿನಕ್ಸ್ ಕರ್ನೆಲ್‌ನಲ್ಲಿದೆ. ಅಲ್ಲಿ ‘ಫಿಕ್ಸಸ್:’ ಎಂದು ಬರೆದ ಮೇಲೆ ಬರುವುದು ಟಿಕೆಟ್ ನಂಬರ್ ಅಲ್ಲ, ತಪ್ಪು ಯಾವ ಹಳೇ ಕಮಿಟ್‌ನಿಂದ ಒಳಗೆ ಬಂತೋ ಅದರ ಗುರುತಿನ ಮೊದಲ 12 ಅಕ್ಷರ. ದೂರು ಬಂದ ಜಾಗ ತೋರಿಸಲು ‘ಕ್ಲೋಸಸ್:’ ಎಂದು ಬೇರೆ ಸಾಲು. ಅಂದರೆ ಒಂದೇ ಇಂಗ್ಲಿಷ್ ಪದ ಒಂದು ಕಡೆ ದೂರಿನತ್ತ ಬೆರಳು ತೋರಿಸುತ್ತದೆ, ಇನ್ನೊಂದು ಕಡೆ ತಪ್ಪಿನ ಮೂಲದತ್ತ. ಕನ್ನಡದಲ್ಲಾದರೂ ನಾವು ಇವನ್ನು ಬೇರೆ ಮಾಡಬಹುದು ಅಲ್ವಾ?

ನಾನು ಸದ್ಯಕ್ಕೆ ಬರೆದುಕೊಂಡಿರುವುದು ಹೀಗಿದೆ. ಫಿಕ್ಸ್‌ಗೆ ‘ಸರಿಪಡಿಸು’. ಇದರಲ್ಲಿ ಗೊಂದಲವಿಲ್ಲ. ಇದು ಕೋಡ್ ಬರೆದವರ ಮಾತು. ರಿಸಾಲ್ವ್‌ಗೆ ‘ಇತ್ಯರ್ಥ’. ಬಗ್‌ಜಿಲ್ಲಾ ಎಂಬ ಟಿಕೆಟ್ ತಂತ್ರಾಂಶದಲ್ಲಿ ರಿಸಾಲ್ವ್ ಆದ ಟಿಕೆಟ್ ಅಂದರೆ ಸರಿಪಡಿಸಿದ್ದು ಎಂದೇ ಅಲ್ಲ. ಅದು ನಕಲು ದೂರೂ ಇರಬಹುದು, “ಮಾಡುವುದಿಲ್ಲ” ಎಂದು ಬಿಟ್ಟದ್ದೂ ಇರಬಹುದು. ಹೇಗೋ ಒಂದು ತೀರ್ಮಾನ ಆಯಿತು ಎಂಬುದಕ್ಕೆ ‘ಇತ್ಯರ್ಥ’ ಚೆನ್ನಾಗಿ ಕೂರುತ್ತದೆ. ಕ್ಲೋಸ್‌ಗೆ ‘ವಿಲೇವಾರಿ’. ಕಚೇರಿಯಲ್ಲಿ ಕಡತ ವಿಲೇವಾರಿಯಾದರೆ ಅದು ಮೇಜು ಬಿಟ್ಟಿತು ಎಂದಷ್ಟೇ ಅರ್ಥ. ನಮ್ಮ 214ಕ್ಕೆ ಆಗಿದ್ದೂ ಅದೇ. ‘ಮುಗೀತು’ ಎನ್ನುವ ಮಾತು ಈ ಮೂರನ್ನೂ ಕಲಸಿಬಿಡುತ್ತದೆ, ಅದಕ್ಕೇ ಅದನ್ನು ಕೈಬಿಟ್ಟೆ.

ಟಿಕೆಟ್ ಎಂಬುದನ್ನು ‘ದೂರು’ ಎನ್ನಲು ಮನಸ್ಸು ಬರಲಿಲ್ಲ. “ಹೊಸ ಬಟನ್ ಬೇಕು” ಎಂದು ಕೇಳುವುದು ದೂರಲ್ಲವಲ್ಲ. ‘ಅಹವಾಲು’ ಎರಡಕ್ಕೂ ಹೊಂದುತ್ತದೆ, ಆದರೆ ಆರು ಜನರ ಕೋಣೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಟಿಕೆಟ್ ಟಿಕೆಟ್ಟಾಗಿಯೇ ಇರಲಿ.

ಉಳಿದದ್ದು ರೆಫ್ಸ್. ಅದರ ಅರ್ಥ ಹೇಳಿಕೊಡುವಾಗ ನನಗೆ ಪಹಣಿ ನೆನಪಾಯಿತು. ಪಹಣಿಯಲ್ಲಿ ಹೆಸರಿನ ಜೊತೆಗೇ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್, ಅಂದರೆ ಹಕ್ಕು ಬದಲಾವಣೆಯ ದಾಖಲೆ) ನಂಬರ್ ಇರುತ್ತದೆ. ಹೆಸರು ಬದಲಾದದ್ದು ಪಹಣಿಯಲ್ಲಿ ಕಾಣುತ್ತದೆ. ಯಾಕೆ ಬದಲಾಯಿತು, ಕ್ರಯವೋ ಪೌತಿಯೋ ವಿಭಾಗವೋ ಎಂಬುದು ಮ್ಯುಟೇಶನ್ ರಿಜಿಸ್ಟರಿನಲ್ಲಿ. ಕಮಿಟ್‌ಗೂ ಟಿಕೆಟ್‌ಗೂ ಇರುವ ನಂಟು ಥೇಟ್ ಇದೇ. ಹೊಸಬರಲ್ಲಿ ಒಬ್ಬಳು ರೈತರ ಮನೆಯವಳು. ಕೇಳಿದ ತಕ್ಷಣ, “ಹಾಗಾದ್ರೆ ಟಿಕೆಟ್ ನಂಬರ್ ಇಲ್ಲದ ಕಮಿಟ್ ಅಂದ್ರೆ ಎಂ.ಆರ್. ಇಲ್ಲದ ಪಹಣಿ ಇದ್ದಂಗೆ” ಅಂದಳು. ಇದಕ್ಕಿಂತ ಚೆನ್ನಾಗಿ ನಾನು ಹೇಳಿರಲಿಲ್ಲ.

ಈ ನಂಟಿಗೆ ನನಗೆ ಹೊಳೆದ ಪದ ‘ಬಾಬ್ತು’. ನಮ್ಮ ತಾತನ ಲೆಕ್ಕದ ಪುಸ್ತಕದಲ್ಲಿ ಪ್ರತಿ ಮೊತ್ತದ ಎದುರಿಗೂ ‘ಗೊಬ್ಬರದ ಬಾಬ್ತು’, ‘ಕೂಲಿ ಬಾಬ್ತು’ ಎಂದಿರುತ್ತಿತ್ತು. ‘#214 ಬಾಬ್ತು: ಪರದೆಯ ಫಾಂಟ್ ಬದಲಿಸಿದೆ’ ಎಂದು ಬರೆದರೆ ಏನೂ ಮುಚ್ಚಿಹೋಗುವುದಿಲ್ಲ, ಯಾವುದಕ್ಕೆ ಸೇರಿದ ಕೆಲಸ ಎಂಬುದೂ ತಿಳಿಯುತ್ತದೆ.

ಇನ್ನೊಂದು ತೊಡಕು. ಗಿಟ್‌ಹಬ್‌ಗೆ ಕನ್ನಡದ ಕ್ರಿಯಾಪದ ತಿಳಿಯದು, ಮೇಲಾಗಿ ಅದಕ್ಕೆ ಪದ ಮೊದಲು, ನಂಬರ್ ಆಮೇಲೆ ಬೇಕು. ನಮ್ಮಲ್ಲಿ ಕ್ರಿಯೆ ಕೊನೆಗೆ: ‘#214 ಸರಿಪಡಿಸಿದೆ’. ಹಾಗಾಗಿ ಕನ್ನಡದ ಸಾಲು ಮೇಲೆ, ಯಂತ್ರಕ್ಕೆ ಬೇಕಾದ ಸಾಲು ಬೇಕಿದ್ದರೆ ಮಾತ್ರ ಕೆಳಗೆ, ಅದೂ ಪರೀಕ್ಷೆ ಮಾಡಿದವರು ಹೂಂ ಅಂದ ಮೇಲೆ ಎಂದು ನಿಯಮ ಮಾಡಿಕೊಂಡಿದ್ದೇವೆ.

ನಿಮ್ಮನ್ನು ಕೇಳಬೇಕಾದದ್ದು ಎರಡು. ‘ಬಾಬ್ತು’ ನಿಮ್ಮ ಕಡೆ ಈಗಲೂ ಬಳಕೆಯಲ್ಲಿದೆಯಾ, ಇಪ್ಪತ್ತೆರಡರ ಹುಡುಗರಿಗೆ ಅರ್ಥವಾಗುತ್ತದಾ? ಮತ್ತೆ, ಕರ್ನೆಲ್‌ನವರ ‘ಫಿಕ್ಸಸ್:’ಗೆ, ಅಂದರೆ ತಪ್ಪು ಒಳಹೊಕ್ಕ ಜಾಗಕ್ಕೆ, ‘ತಪ್ಪಿನ ಮೂಲ’ ಎನ್ನುವುದಕ್ಕಿಂತ ಚಿಕ್ಕ ಪದ ಯಾರಿಗಾದರೂ ಹೊಳೆಯುತ್ತದಾ?