ಬ್ಯಾಟರಿ ಹೊಸದು, ಆದರೂ ಕೀ ತಿರುಗಿಸಿದರೆ ಬರೀ ‘ಟಕ್’

ಆಗುಂಬೆ ಮಳೆ:
ಎಲ್ಲರಿಗೂ ನಮಸ್ಕಾರ. ನನ್ನದು 2006ರ ಪೆಟ್ರೋಲ್ ಕಾರು, ಮ್ಯಾನುಯಲ್ ಗೇರ್. ಮಳೆಗಾಲ ಶುರುವಾದಾಗಿನಿಂದ ಒಂದೇ ಗೋಳು. ಕೀ ಆನ್ ಮಾಡಿದರೆ ಮೀಟರ್ ಬೋರ್ಡಿನ ದೀಪಗಳೆಲ್ಲ ಬರುತ್ತವೆ. ಸೆಲ್ಫ್ ಹೊಡೆದರೆ ‘ಟಕ್’ ಅಂತ ಒಂದು ಸದ್ದು, ಅಷ್ಟೇ. ಇಳಿಜಾರಿನಲ್ಲಿ ತಳ್ಳಿ ಎರಡನೇ ಗೇರಿಗೆ ಹಾಕಿದರೆ ಆರಾಮಾಗಿ ಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಹೋಗಿದೆ ಅಂದರು, ಹೊಸದು ಹಾಕಿಸಿದೆ. ಸ್ವಲ್ಪ ದಿನ ಸರಿಯಿತ್ತು, ಮತ್ತೆ ಅದೇ ಕಥೆ. ಈಗ ಸೆಲ್ಫ್ ಮೋಟಾರ್ ಬಿಚ್ಚಬೇಕು ಅನ್ನುತ್ತಿದ್ದಾರೆ. ಬಿಚ್ಚಿಸಲಾ? ಮನೆಯಲ್ಲಿ ಒಂದು ಮಲ್ಟಿಮೀಟರ್ ಇದೆ.

ಹಳೇ ಗಾಡಿ:
ಸೆಲ್ಫ್ ಮೋಟಾರಿನ ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು ಸರ್. ಒಬ್ಬರು ಕೀ ತಿರುಗಿಸಿ ಹಿಡಿದಿರಲಿ, ಇನ್ನೊಬ್ಬರು ಸ್ಪ್ಯಾನರ್ ಹಿಡಿಯಿಂದ ಸೆಲ್ಫ್ ಮೋಟಾರಿಗೆ ಮೆಲ್ಲಗೆ ತಟ್ಟಲಿ. ತಿರುಗಿತು ಅಂದರೆ ಹೆಚ್ಚಾಗಿ ಬ್ರಷ್ಷೇ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ.

ಟೆಸ್ಟ್‌ಲ್ಯಾಂಪ್:
ಇನ್ನೂ ಏನನ್ನೂ ಬಿಚ್ಚಬೇಡಿ. ಮೊದಲು ಒಂದು ಕೆಲಸ. ರಾತ್ರಿ ಹೆಡ್‌ಲೈಟ್ ಹಾಕಿ, ಗೋಡೆಗೆ ಬೆಳಕು ಬೀಳುವ ಹಾಗೆ ನಿಲ್ಲಿಸಿ ಸೆಲ್ಫ್ ಹೊಡೆಯಿರಿ. ‘ಟಕ್’ ಅಂದಾಗ ಬೆಳಕು ಪೂರ್ತಿ ಕುಸಿದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್ ಕಡೆ ನೋಡಬೇಕು. ಮೋಟಾರ್ ಒಳಗೇ ಜಾಮ್ ಆಗಿದ್ದರೂ ಹೀಗಾಗಬಹುದು. ಬೆಳಕು ಅಲ್ಲಾಡದೆ ನಿಂತರೆ ಬ್ಯಾಟರಿಯಲ್ಲಿ ಶಕ್ತಿ ಇದೆ, ಅದು ಮೋಟಾರಿಗೆ ಮುಟ್ಟುತ್ತಿಲ್ಲ ಅಥವಾ ಮೋಟಾರಿನಿಂದ ವಾಪಸ್ ಬರುತ್ತಿಲ್ಲ.

ಈ ವಾಪಸ್ ಬರುವ ದಾರಿಯನ್ನು ಯಾರೂ ನೋಡುವುದೇ ಇಲ್ಲ. ಬ್ಯಾಟರಿಯ ಪ್ಲಸ್‌ನಿಂದ ದಪ್ಪ ವಯರ್ ಸೆಲ್ಫ್ ಮೋಟಾರಿಗೆ ಹೋಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಮೋಟಾರಿನ ಮೈನಸ್ ಅದರ ಮೈಯೇ. ಆ ಮೈ ಎಂಜಿನ್ನಿಗೆ ಬೋಲ್ಟ್ ಆಗಿದೆ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಎಂಜಿನ್ನಿನಿಂದ ಬಾಡಿಗೆ ಅಥವಾ ನೇರ ಬ್ಯಾಟರಿ ಮೈನಸ್‌ಗೆ ಒಂದು ಅರ್ಥ್ ಪಟ್ಟಿ ಕೊಟ್ಟಿರುತ್ತಾರೆ. ಕೆಳಗಡೆ, ಕೆಸರು ಹಾರುವ ಜಾಗದಲ್ಲೇ ಇದ್ದರೆ ನಮ್ಮ ಮಲೆನಾಡಿನ ಮಳೆಗೆ ಅದರ ಗತಿ ಕೇಳಬೇಡಿ.

ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಈ ನಾಲ್ಕು ರೀಡಿಂಗ್ ಹಾಕಿ. ಎಲ್ಲವನ್ನೂ ಒಬ್ಬರು ಕೀ ತಿರುಗಿಸಿ ಹಿಡಿದಿರುವಾಗಲೇ ನೋಡಬೇಕು. ಒಂದು ಸಲಕ್ಕೆ ಮೂರ್ನಾಲ್ಕು ಸೆಕೆಂಡ್ ಸಾಕು, ಜಾಸ್ತಿ ಹಿಡಿದರೆ ಮೋಟಾರ್ ಸುಡುತ್ತದೆ.

ಬ್ಯಾಟರಿಯ ಪ್ಲಸ್ ಮತ್ತು ಮೈನಸ್ ನಡುವೆ. ಬ್ಯಾಟರಿ ಪ್ಲಸ್ ಮತ್ತು ಸೆಲ್ಫ್ ಮೋಟಾರಿನ ದಪ್ಪ ವಯರ್ ಕೂತಿರುವ ಬೋಲ್ಟ್ ನಡುವೆ. ಬ್ಯಾಟರಿ ಮೈನಸ್ ಮತ್ತು ಎಂಜಿನ್ನಿನ ಬರಿ ಲೋಹದ ನಡುವೆ. ಬ್ಯಾಟರಿ ಮೈನಸ್ ಮತ್ತು ಬಾಡಿಯ ನಡುವೆ.

ಮೊದಲನೆಯದು 9.6 ವೋಲ್ಟಿಗಿಂತ ಕೆಳಗೆ ಹೋಗಬಾರದು. ಉಳಿದ ಮೂರೂ ಅರ್ಧ ವೋಲ್ಟಿನ ಒಳಗಿರಬೇಕು. ಟರ್ಮಿನಲ್ ಕ್ಲಿಪ್ಪಿನ ಮೇಲಲ್ಲ, ಬ್ಯಾಟರಿಯ ಸೀಸದ ಗೂಟದ ಮೇಲೇ ಮೀಟರಿನ ಮೊನೆ ಒತ್ತಿ. ಕ್ಲಿಪ್ಪಿಗೂ ಗೂಟಕ್ಕೂ ನಡುವೆ ಬಿಳಿ ಪುಡಿ ಕೂತಿದ್ದರೆ ಅದೂ ಇದರಲ್ಲೇ ಸಿಕ್ಕಿಬೀಳುತ್ತದೆ.

ಆಗುಂಬೆ ಮಳೆ:
ಹೆಡ್‌ಲೈಟ್ ಬೆಳಕು ಸ್ವಲ್ಪವೂ ಕಮ್ಮಿ ಆಗಲಿಲ್ಲ. ತಟ್ಟಿ ನೋಡಿದೆವು, ಮೋಟಾರ್ ತಿರುಗಲಿಲ್ಲ. ರೀಡಿಂಗ್: ಬ್ಯಾಟರಿ ಸುಮ್ಮನಿದ್ದಾಗ 12.5, ಸೆಲ್ಫ್ ಹೊಡೆಯುವಾಗ 11.9. ಪ್ಲಸ್‌ನಿಂದ ಮೋಟಾರಿಗೆ 0.2. ಮೈನಸ್‌ನಿಂದ ಬಾಡಿಗೆ 0.1. ಮೈನಸ್‌ನಿಂದ ಎಂಜಿನ್ನಿಗೆ 6.8! ಮೀಟರ್ ಸರಿಯಿಲ್ಲವೇನೋ ಅಂತ ಮತ್ತೆ ನೋಡಿದೆ, ಅಷ್ಟೇ ಬಂತು. ಆದರೆ ಅರ್ಥ್ ಪಟ್ಟಿ ಜಾಗದಲ್ಲೇ ಇದೆ. ಮೀಟರನ್ನು ಬೀಪ್‌ಗೆ ಇಟ್ಟರೆ ಬೀಪ್ ಅನ್ನುತ್ತದೆ, ಅಂದರೆ ಅದು ಸರಿ ಇದ್ದಹಾಗೇ ಅಲ್ವಾ? ಇನ್ನೊಂದು ವಿಚಿತ್ರ. ನಾಲ್ಕೈದು ಸಲ ಸೆಲ್ಫ್ ಹೊಡೆದ ಮೇಲೆ ಆಕ್ಸಿಲರೇಟರ್ ಕೇಬಲ್ ಮುಟ್ಟಿದರೆ ಬೆಚ್ಚಗಿತ್ತು.

ಟೆಸ್ಟ್‌ಲ್ಯಾಂಪ್:
ಕಳ್ಳ ಸಿಕ್ಕಿದ. ಇನ್ನು ಸೆಲ್ಫ್ ಹೊಡೆಯಬೇಡಿ.

ಬಾಡಿವರೆಗೆ 0.1, ಎಂಜಿನ್ನಿಗೆ 6.8. ಅಂದರೆ ಬಾಡಿಗೂ ಎಂಜಿನ್ನಿಗೂ ನಡುವೆ 6.7 ವೋಲ್ಟ್ ಕಳೆದುಹೋಗುತ್ತಿದೆ. ಬ್ಯಾಟರಿ ಕೊಡುವ 11.9ರಲ್ಲಿ 6.8 ಅರ್ಥ್ ದಾರಿಯಲ್ಲಿ, 0.2 ಪ್ಲಸ್ ವಯರಿನಲ್ಲಿ ಹೋದರೆ ಮೋಟಾರಿಗೆ ಉಳಿಯುವುದು 4.9. ಅದರಲ್ಲಿ ಎಂಜಿನ್ ತಿರುಗುವುದು ಹೇಗೆ? ಹೆಡ್‌ಲೈಟಿನ ಅರ್ಥ್ ಬಾಡಿಯಿಂದಲೇ ಹೋಗುತ್ತದೆ, ಅದಕ್ಕೇ ಅದರ ಬೆಳಕು ಕುಗ್ಗಲಿಲ್ಲ.

ಬೀಪ್ ನಂಬಬೇಡಿ. ಬೀಪ್ ಮಾಡಲು ಮೀಟರ್ ಕಳಿಸುವುದು ಒಂದು ಮಿಲಿ ಆಂಪಿಯರ್ ಆಸುಪಾಸು. ಪಟ್ಟಿಯಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಅದು ಹರಿಯುತ್ತದೆ. ಸೆಲ್ಫ್ ಮೋಟಾರಿಗೆ ಬೇಕಾದದ್ದು ನೂರು ಆಂಪಿಯರ್ ಲೆಕ್ಕದಲ್ಲಿ. 100 ಆಂಪಿಯರ್ ಹರಿಯುವ ದಾರಿಯಲ್ಲಿ 0.05 ಓಮ್ ಅಡ್ಡ ಬಂದರೂ ಸಾಕು, 5 ವೋಲ್ಟ್ ಅಲ್ಲೇ ಖಲಾಸ್. ತೂಬಿನಲ್ಲಿ ಹುಲ್ಲು ಕಟ್ಟಿಕೊಂಡ ಕಾಲುವೆ ಹಾಗೆ: ತೊಟ್ಟಿಕ್ಕುವ ನೀರು ಹೋಗುತ್ತದೆ, ಗದ್ದೆ ತುಂಬುವುದಿಲ್ಲ. ಅದಕ್ಕೇ ಓಮ್ ಅಳೆಯುವ ಬದಲು ಕರೆಂಟ್ ಹರಿಯುವಾಗ ವೋಲ್ಟ್ ಅಳೆಯಿರಿ ಅಂದದ್ದು.

ಕೇಬಲ್ ಬಿಸಿಯಾದದ್ದೂ ವಿಚಿತ್ರವೇನಲ್ಲ. ಪಟ್ಟಿ ಕೈಕೊಟ್ಟಾಗ ಕರೆಂಟ್ ಎಂಜಿನ್ನಿನಿಂದ ಬಾಡಿಗೆ ಬೇರೆ ದಾರಿ ಹುಡುಕುತ್ತದೆ. ಆಕ್ಸಿಲರೇಟರ್ ಕೇಬಲ್ಲಿನ ಒಳಗಿರುವ ಉಕ್ಕಿನ ತಂತಿ ಸಿಗುತ್ತದೆ. ಹಾಗೇ ಬಿಟ್ಟರೆ ಅದರ ಹೊದಿಕೆ ಕರಗಿ ಆಕ್ಸಿಲರೇಟರ್ ಹಿಡಿದುಕೊಳ್ಳಬಹುದು. ಘಾಟಿಯಲ್ಲಿ ಹಾಗಾದರೆ ತಮಾಷೆ ಅಲ್ಲ.

ಖಾತ್ರಿ ಮಾಡಿಕೊಳ್ಳಿ. ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿ ಮೈನಸ್‌ಗೆ, ಇನ್ನೊಂದು ತುದಿಯನ್ನು ಎಂಜಿನ್ನಿನ ಯಾವುದಾದರೂ ಗಟ್ಟಿ ಬೋಲ್ಟಿಗೆ ಕಚ್ಚಿಸಿ, ಫ್ಯಾನ್ ಬೆಲ್ಟಿನಿಂದ ದೂರ. ಈಗ ಒಂದೇ ಒಂದು ಸಲ ಸೆಲ್ಫ್ ಹೊಡೆಯಿರಿ.

ಆಗುಂಬೆ ಮಳೆ:
ಅರ್ಧ ಸುತ್ತಿಗೇ ಸ್ಟಾರ್ಟ್!! ಪಟ್ಟಿ ಬಿಚ್ಚಿ ತಂದೆ. ಮೇಲಿನ ತುದಿ ಚೆನ್ನಾಗಿದೆ. ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ಲಗ್ಗಿನ (ಬೋಲ್ಟಿಗೆ ಕೂರುವ ಲೋಹದ ಬಳೆ) ಒಳಗೆ ಎಲ್ಲ ಹಸಿರು ಪುಡಿ. ಎಳೆದರೆ ಕೈಗೇ ಬಂತು. ಇದನ್ನೇ ಬೆಸುಗೆ ಹಾಕಿಸಲಾ?

ಟೆಸ್ಟ್‌ಲ್ಯಾಂಪ್:
ಬೇಡ, ಹೊಸದು ಹಾಕಿ. ಆಟೊಮೊಬೈಲ್ ಅಂಗಡಿಯಲ್ಲಿ ರೆಡಿ ಪಟ್ಟಿ ಸಿಗುತ್ತದೆ. ಸಿಗದಿದ್ದರೆ 25 ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲಿಗೆ ಎರಡೂ ಕಡೆ ಲಗ್ ಒತ್ತಿಸಿ. ಎಂಜಿನ್ ಅಲ್ಲಾಡುತ್ತದೆ, ಹಾಗಾಗಿ ಸ್ವಲ್ಪ ಸಡಿಲ ಇರುವಷ್ಟು ಉದ್ದ ಬೇಕು. ಹಾಕುವ ಮುಂಚೆ ಬ್ಯಾಟರಿ ಮೈನಸ್ ತೆಗೆದಿಡಿ. ಬೋಲ್ಟ್ ಕೂರುವ ಜಾಗವನ್ನು ಎರಡೂ ಕಡೆ ಎಮರಿ ಪೇಪರಿನಿಂದ ಹೊಳೆಯುವ ತನಕ ಉಜ್ಜಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಬಳಿಯಿರಿ. ಆಮೇಲೆ ಅದೇ ರೀಡಿಂಗ್ ಮತ್ತೆ ನೋಡಿ.

ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ (ಆಲ್ಟರ್ನೇಟರ್) ಅರ್ಥ್ ಕೂಡ ಎಂಜಿನ್ನಿನ ಮೂಲಕವೇ. ಪಟ್ಟಿ ಸರಿಯಿಲ್ಲದಾಗ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವುದಿಲ್ಲ. ನಿಮ್ಮ ಹಳೇ ಬ್ಯಾಟರಿ ನಿಜಕ್ಕೂ ಸತ್ತಿತ್ತೋ, ಹಸಿದಿತ್ತೋ ಯಾರಿಗೆ ಗೊತ್ತು! ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.5 ಬರಬೇಕು. ಎಂಜಿನ್ ಓಡುವಾಗ ಬ್ಯಾಟರಿ ವಯರ್ ತೆಗೆದು ಡೈನಮೋ ಪರೀಕ್ಷಿಸುವ ಚಾಳಿ ಕೆಲವು ಮೆಕ್ಯಾನಿಕ್‌ಗಳಿಗಿದೆ. ಅದಕ್ಕೆ ಬಿಡಬೇಡಿ. ಆ ಕ್ಷಣಕ್ಕೆ ವೋಲ್ಟ್ ಜಿಗಿದು ಡೈನಮೋದ ಡಯೋಡೋ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುವೋ ಹೋಗಬಹುದು.

ಆಗುಂಬೆ ಮಳೆ:
ಹೊಸ ಪಟ್ಟಿ ಹಾಕಿ ಆಯಿತು. ಎಂಜಿನ್ನಿಗೆ ಈಗ 0.15. ಚಾರ್ಜಿಂಗ್ 14.2. ತುಂಬಾ ಥ್ಯಾಂಕ್ಸ್ ಸರ್.

ಹಳೇ ಗಾಡಿ:
ಒಳ್ಳೇದಾಯ್ತು, ಮೋಟಾರ್ ಬಿಚ್ಚುವ ಖರ್ಚು ಉಳಿಯಿತು. ಆಕ್ಸಿಲರೇಟರ್ ಕೇಬಲ್ ಒಮ್ಮೆ ಕಳಚಿ ನೋಡಿಬಿಡಿ, ಒರಟಾಗಿ ಓಡಿದರೆ ಅದನ್ನೂ ಬದಲಿಸಿ.

ಅಡಿಕೆ ಚಪ್ಪರ:
ಸರ್, ನನ್ನದರಲ್ಲಿ ‘ಟಕ್’ ಕೂಡ ಇಲ್ಲ. ಲೈಟ್ ಎಲ್ಲ ಬರುತ್ತದೆ, ಸೆಲ್ಫ್ ಹೊಡೆದರೆ ಪೂರ್ತಿ ಮೌನ. ಇದೂ ಅರ್ಥ್ ಪಟ್ಟಿಯೇ ಇರಬಹುದಾ?

ಟೆಸ್ಟ್‌ಲ್ಯಾಂಪ್:
ಇರಬಹುದು, ಆದರೆ ಮೊದಲು ಸಣ್ಣ ವಯರ್ ನೋಡಿ. ಸೆಲ್ಫ್ ಮೋಟಾರಿನ ಸೊಲೆನಾಯ್ಡಿಗೆ (ದಪ್ಪ ವಯರಿನ ಕರೆಂಟನ್ನು ಮೋಟಾರಿಗೆ ಜೋಡಿಸುವ ಸ್ವಿಚ್) ಒಂದು ತೆಳು ವಯರ್ ಬರುತ್ತದೆ. ಕೀ ತಿರುಗಿಸಿದಾಗ ಅಲ್ಲಿ ಹೆಚ್ಚುಕಮ್ಮಿ ಬ್ಯಾಟರಿಯಷ್ಟೇ ವೋಲ್ಟ್ ಬರಬೇಕು. ಬಂದೂ ಸದ್ದಿಲ್ಲದಿದ್ದರೆ ಸೊಲೆನಾಯ್ಡ್ ಅಥವಾ ಅದರ ಅರ್ಥ್. ಬರದಿದ್ದರೆ ಹಿಂದಕ್ಕೆ ಹೋಗಿ: ಫ್ಯೂಸ್, ಸ್ಟಾರ್ಟರ್ ರಿಲೇ, ಕ್ಲಚ್ ಪೆಡಲ್ ಸ್ವಿಚ್ ಇದ್ದರೆ ಅದು, ಕೊನೆಗೆ ಕೀ ಸ್ವಿಚ್. ಅದೇ ನಂಬರಿನ ಹಾರ್ನ್ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ. ಗಾಡಿ ಅಡಿಕೆ ಗೋದಾಮಿನ ಪಕ್ಕ ನಿಲ್ಲಿಸುತ್ತೀರಾ? ಹಾಗಾದರೆ ಎಲ್ಲಕ್ಕಿಂತ ಮುಂಚೆ ಬಾನೆಟ್ ಎತ್ತಿ ಆ ತೆಳು ವಯರನ್ನು ಇಲಿ ಕಡಿದಿದೆಯಾ ನೋಡಿ. ಫೋಟೊ ತೆಗೆದು ಹಾಕಿ.