ಐಡ್ಲಿಂಗ್‌ನಲ್ಲಿ ಆರ್‌ಪಿಎಂ ಏರಿಳಿತ, ವ್ಯಾಕ್ಯೂಮ್ ಗೇಜ್ 13: ಮ್ಯಾನಿಫೋಲ್ಡ್ ಬಿಚ್ಚಿಸಲೇ?

ಘಟ್ಟ ಹತ್ತಿದವನು:
ಹಳೆಯ ಪೆಟ್ರೋಲ್ ಕಾರು, ಒಳಹೋಗುವ ಗಾಳಿಯನ್ನು ಅಳೆಯುವ ಎಂಎಎಫ್ ಸೆನ್ಸರ್ ಇರುವ ಮಾದರಿ. ವರ್ಗವಾಗಿ ಮಂಗಳೂರಿನಿಂದ ಮಡಿಕೇರಿಗೆ ಬಂದಿದ್ದೇನೆ. ಓಡಿಸುವಾಗ ತೊಂದರೆಯಿಲ್ಲ, ನಿಲ್ಲಿಸಿದರೆ ಆರ್‌ಪಿಎಂ ಮುಳ್ಳು 700ಕ್ಕೂ 1,100ಕ್ಕೂ ನಡುವೆ ಓಲಾಡುತ್ತದೆ. ಸ್ಕ್ಯಾನರಿನಲ್ಲಿ ಪಿ0171, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎನ್ನುವ ಕೋಡ್. ಎಂಜಿನ್ ಎಳೆಯುವ ನಿರ್ವಾತವನ್ನು ಪಾದರಸದ ಇಂಚುಗಳಲ್ಲಿ ಅಳೆಯುವ ವ್ಯಾಕ್ಯೂಮ್ ಗೇಜ್ ಊರಿನಲ್ಲಿ 19 ಇಂಚು ತೋರಿಸುತ್ತಿತ್ತು, ಇಲ್ಲಿ 13. ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ಬಿಚ್ಚಿ ಗ್ಯಾಸ್ಕೆಟ್ ಬದಲಿಸೋಣ ಎನ್ನುತ್ತಾರೆ ಗ್ಯಾರೇಜಿನವರು. ಒಪ್ಪಲೇ?

ಭಾನುವಾರದ ಮೆಕ್ಯಾನಿಕ್:
ಕಾರ್ಬ್ ಕ್ಲೀನರ್ ಸಿಂಪಡಿಸಿ ನೋಡಿ. ಆರ್‌ಪಿಎಂ ಎಲ್ಲಿ ಬದಲಾಗುತ್ತದೋ ಅಲ್ಲೇ ಸೋರಿಕೆ.

ಗ್ರೀಸ್ ಕೈ:
ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಅದನ್ನು ಸಿಂಪಡಿಸಿದರೆ ಸೋರಿಕೆಗಿಂತ ಮೊದಲು ಬೆಂಕಿ ಸಿಕ್ಕೀತು! ಗಿಡಕ್ಕೆ ನೀರು ಚಿಮುಕಿಸುವ ಬಾಟಲಿ ಸಾಕು. ನೀರು ಬಿರುಕನ್ನು ಕ್ಷಣಕಾಲ ಮುಚ್ಚಿದಾಗ ಎಂಜಿನ್ ಸದ್ದು ಬದಲಾಗುತ್ತದೆ. ಇಗ್ನಿಷನ್ ಕಾಯಿಲ್, ವೈರಿಂಗ್ ಮೇಲೆ ಬೀಳದಿರಲಿ.

ಸರ್, ಮೊದಲು ಗೇಜಿನ ಲೆಕ್ಕ ನೋಡಿ. ಸಾವಿರ ಅಡಿ ಏರಿದರೆ ಸುಮಾರು ಒಂದು ಇಂಚು ಕಡಿಮೆ ತೋರಿಸುವುದು ಸಹಜ. ಮಡಿಕೇರಿ ಹತ್ತಿರ ಹತ್ತಿರ 3,800 ಅಡಿ ಎತ್ತರದಲ್ಲಿದೆ. ಅಂದರೆ ನಾಲ್ಕು ಇಂಚನ್ನು ಬೆಟ್ಟವೇ ತಿಂದಿದೆ, ಹುಡುಕಬೇಕಾದದ್ದು ಎರಡು ಇಂಚು ಮಾತ್ರ.

ಸ್ಕ್ಯಾನರಿನಲ್ಲಿ ಫ್ಯುಯೆಲ್ ಟ್ರಿಮ್ (ಕಾರಿನ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಗಮನಿಸಿ. ಐಡ್ಲಿಂಗ್‌ನಲ್ಲಿ ಹೆಚ್ಚಿದ್ದು 2,500 ಆರ್‌ಪಿಎಂನಲ್ಲಿ ಸೊನ್ನೆಯ ಕಡೆಗೆ ಇಳಿದರೆ ಗಾಳಿ ಸೋರುತ್ತಿದೆ ಎಂದರ್ಥ. ಮೇಲೇರುತ್ತಲೇ ಹೋದರೆ ಇಂಧನದ ಪಂಪ್ ಅಥವಾ ಫಿಲ್ಟರ್ ಮೇಲೆ ಅನುಮಾನಪಡಿ.

ಗ್ಯಾಸ್ಕೆಟ್‌ಗೆ ಕೈ ಹಾಕುವ ಮೊದಲು ಎಂಜಿನ್ ನಿಲ್ಲಿಸಿ, ಆರಿದ ಮೇಲೆ ಎಂಜಿನ್ನಿನ ಎಣ್ಣೆ ಆವಿಯನ್ನು ಮತ್ತೆ ಒಳಗೆ ಕಳಿಸುವ ಪಿಸಿವಿ ವಾಲ್ವಿನಿಂದ ಮ್ಯಾನಿಫೋಲ್ಡಿಗೆ ಹೋಗುವ ಬಾಗಿದ ಹೋಸಿನ ಅಡಿಭಾಗವನ್ನು ಬೆರಳಿನಿಂದ ಸವರಿ. ಮೇಲಿನಿಂದ ಹೊಸದರಂತೆಯೇ ಕಾಣುತ್ತದೆ. ಎಣ್ಣೆಯ ಆವಿಗೆ ಒಳಗಿನಿಂದ ಮೆತ್ತಗಾಗಿ ಬಾಗಿದ ಕಡೆ ಸೀಳಿರುತ್ತದೆ. ಗ್ಯಾಸ್ಕೆಟ್ ದೂರು ಹೇಳಿ ಬಂದ ಎಷ್ಟೋ ಕಾರುಗಳಲ್ಲಿ ನಾನು ಬದಲಿಸಿದ್ದು ಇದೊಂದನ್ನೇ. ಸಣ್ಣ ಹೋಸ್‌ಗಳನ್ನು ಎಂಜಿನ್ ಓಡುವಾಗ ಬಟ್ಟೆ ಸುತ್ತಿದ ಇಕ್ಕಳದಿಂದ ಒಂದೊಂದಾಗಿ ಅಮುಕಿ ನೋಡಬಹುದು. ಬೆಲ್ಟ್, ಫ್ಯಾನ್‌ನಿಂದ ಕೈ ದೂರವಿರಲಿ. ಒಣಗಿ ಗಟ್ಟಿಯಾದದ್ದನ್ನು ಅಮುಕಬೇಡಿ, ಹಪ್ಪಳದಂತೆ ಮುರಿಯುತ್ತದೆ.

ಘಟ್ಟ ಹತ್ತಿದವನು:
ಸಿಕ್ಕಿತು! ಹೋಸಿನ ಅಡಿಯಲ್ಲಿ ಉಗುರು ಇಳಿಯುವಷ್ಟು ಸೀಳು. ಟೇಪ್ ಸುತ್ತಿ ಎಂಜಿನ್ ಚಾಲೂ ಮಾಡಿದೆ, ಮುಳ್ಳು 750ರಲ್ಲಿ ನಿಂತಿತು. ಸಿಲಿಕಾನ್ ಹೋಸ್ ಹಾಕಲೇ? ನೋಡಲು ಚೆನ್ನಾಗಿದೆ.

ಗ್ರೀಸ್ ಕೈ:
ಚೆನ್ನಾಗಿದೆ, ಆದರೆ ಸಾಮಾನ್ಯ ಸಿಲಿಕಾನ್ ಎಣ್ಣೆಯ ಆವಿಗೆ ಊದಿಕೊಳ್ಳುತ್ತದೆ. ಮೂಲ ಆಕಾರದ್ದನ್ನೇ ತರಿಸಿ. ನೇರ ಹೋಸನ್ನು ಬಗ್ಗಿಸಿ ಹಾಕಿದರೆ ಮಡಿಕೆ ಬಿದ್ದು ದಾರಿ ಮುಚ್ಚುತ್ತದೆ. ಟೇಪನ್ನು ಅಂಗಡಿಯವರೆಗೆ ಮಾತ್ರ ನಂಬಿ.

ಹಾಗೆಯೇ ಎಂಜಿನ್ನಿನ ನಿರ್ವಾತದಿಂದ ಪೆಡಲ್ ಹಗುರಾಗಿಸುವ ಬ್ರೇಕ್ ಬೂಸ್ಟರ್‌ನ ಹೋಸನ್ನೂ ನೋಡಿಬಿಡಿ. ಎಂಜಿನ್ ಆರಿಸಿ, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಕೊನೆಗೆ ಒತ್ತಿ ಹಿಡಿದುಕೊಂಡೇ ಎಂಜಿನ್ ಚಾಲೂ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಘಟ್ಟದ ರಸ್ತೆಗೆ ಕಾರು ತೆಗೆಯಬೇಡಿ.