ಬಣ್ಣಕ್ಕೆ ಮೊದಲು ಗೋಡೆ ನೋಡೋಣ

ತಮ್ಮಾ, ನಿನ್ನ ಮೆಸೇಜು, ಫೋಟೋ ಎಲ್ಲಾ ಬೆಳಿಗ್ಗೆಯೇ ನೋಡಿದೆ. ಎರಡು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ ಅನ್ನಿಸಿತು. ಅದಕ್ಕೇ ಈಗ ಸಮಾಧಾನವಾಗಿ ಕೂತು ಹೇಳುತ್ತಿದ್ದೇನೆ. ಉದ್ದ ಆಗುತ್ತದೆ, ಆದರೂ ಪೂರ್ತಿ ಕೇಳು. ಅಣ್ಣಾ, ಚಿಕ್ಕಮ್ಮಾ, ನೀವೂ ಕೇಳಿ.

ಅಮ್ಮ ತಂಗಿಯ ಮನೆಯಿಂದ ವಾಪಸ್ ಬರುವುದರೊಳಗೆ, ಎಂಟೇ ದಿನದಲ್ಲಿ ಇಡೀ ಮನೆಗೆ ಬಣ್ಣ ಹೊಡೆಸಿಬಿಡೋಣ, ಎಲ್ಲರೂ ಸೇರಿ ಒಂದು ಶೇಡ್ ಒಪ್ಪಿಕೊಳ್ಳಿ ಅಂತ ಕೇಳಿದ್ದೀಯ. ಅಮ್ಮ ಬಂದಾಗ ಮನೆ ಹೊಸದಾಗಿ ಕಾಣಬೇಕು ಅನ್ನುವ ನಿನ್ನ ಆಸೆ ನನಗೆ ಅರ್ಥವಾಗುತ್ತದೆ. ನನಗೂ ಅದೇ ಆಸೆ. ಆದರೆ ಎಂಟು ದಿನದಲ್ಲಿ ಇಡೀ ಮನೆ ಬೇಡ ಕಣೋ. ಮೊದಲು ಗೋಡೆಗಳನ್ನು ಸರಿಮಾಡೋಣ. ಆಮೇಲೆ ಒಂದೊಂದೇ ಕೋಣೆ. ಎರಡು ವರ್ಷ ಹಿಡಿದರೂ ಹಿಡಿಯಲಿ.

ಯಾಕೆ ಅಂದರೆ, ನೀನು ಕಳಿಸಿದ ಮೂರು ಫೋಟೋಗಳಲ್ಲೇ ಇದೆ ನೋಡು. ಹಾಲ್‌ನ ಚಾವಣಿಯಲ್ಲಿ ಕಂದು ಬಣ್ಣದ ಉಂಗುರದಂಥ ಕಲೆ. ಮನೆಯೊಳಗಿನ ಓಣಿಯ ಗೋಡೆಯಲ್ಲಿ ಕೆಳಗಡೆ ಬಿಳಿ ಪುಡಿ. ಅಮ್ಮನ ಕೋಣೆಯಲ್ಲಿ ಬೀರು ಸರಿಸಿದಾಗ ಕಂಡ ಕಪ್ಪು ಚುಕ್ಕಿಗಳು. ಮೂರೂ ತೇವವೇ. ಆದರೆ ಮೂರಕ್ಕೂ ಕಾರಣ ಬೇರೆ, ಮಾಡಬೇಕಾದ ಕೆಲಸವೂ ಬೇರೆ.

ಚಾವಣಿಯ ಉಂಗುರ ಅಂದರೆ ಮೇಲಿನಿಂದ ನೀರು ಇಳಿದಿದೆ. ಮಳೆ ಬಂದಾಗ ಮಾತ್ರ ದೊಡ್ಡದಾಗುತ್ತದಾ, ಇಲ್ಲಾ ಸದಾ ಒದ್ದೆಯಾ ನೋಡು. ಮಳೆಗೆ ಮಾತ್ರ ಆದರೆ ತಾರಸಿಯ ಬಿರುಕು ಅಥವಾ ನೀರು ಹೋಗುವ ದಾರಿ ಕಟ್ಟಿಕೊಂಡಿರಬೇಕು. ಸದಾ ಒದ್ದೆ ಇದ್ದರೆ ಪೈಪು. ಅದನ್ನು ನಿಲ್ಲಿಸಿ, ಚೆನ್ನಾಗಿ ಒಣಗಿದ ಮೇಲೂ ಆ ಕಲೆ ಸುಮ್ಮನೆ ಹೋಗುವುದಿಲ್ಲ. ನೀರಿನಲ್ಲಿ ಕಲಸುವ ಬಣ್ಣವನ್ನು ನೇರವಾಗಿ ಹೊಡೆದರೆ ಕಲೆ ಅದರಲ್ಲಿ ಕರಗಿ ಮತ್ತೆ ಮೇಲೆ ಬರುತ್ತದೆ. ಎಷ್ಟು ಕೋಟ್ ಹೊಡೆದರೂ ಇಣುಕುತ್ತಲೇ ಇರುತ್ತದೆ. ಅದಕ್ಕೆ ಕಲೆ ತಡೆಯುವ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹಚ್ಚುವ ಅಡಿಪದರ, ಅಂತಲೇ ಬೇರೆ ಬರುತ್ತದೆ. ಆ ಜಾಗಕ್ಕೆ ಮೊದಲು ಅದನ್ನು ಹಚ್ಚಬೇಕು.

ಓಣಿಯ ಬಿಳಿ ಪುಡಿ ಉಪ್ಪು. ಇಟ್ಟಿಗೆ, ಸಿಮೆಂಟಿನೊಳಗೆ ಇರುವ ಲವಣ ನೀರಿನ ಜೊತೆ ಹೊರಗೆ ಬರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಗೋಡೆಯ ಮೇಲೆ ಉಳಿಯುತ್ತದೆ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡ. ಒರೆಸಿದರೆ ಮತ್ತೆ ಕರಗಿ ಒಳಗೇ ಹೋಗುತ್ತದೆ. ಒಣ ಬ್ರಷ್‌ನಲ್ಲಿ ಉಜ್ಜಿ, ಬಿದ್ದ ಪುಡಿಯನ್ನು ಗುಡಿಸಿ ತೆಗೆ. ಎರಡು ವಾರ ಬಿಟ್ಟು ನೋಡು. ಮತ್ತೆ ಬಂದರೆ ನೀರು ಇನ್ನೂ ಬರುತ್ತಿದೆ ಅಂತ ಅರ್ಥ. ಹೊರಗಡೆ ಆ ಗೋಡೆಗೆ ತಾಗಿ ಮಣ್ಣು ಏರಿದೆಯಾ, ನೀರು ನಿಲ್ಲುತ್ತದಾ, ಅದನ್ನೂ ನೋಡು. ನೆಲದಿಂದ ಹತ್ತುವ ತೇವ ಸಾಮಾನ್ಯವಾಗಿ ಮೂರು ಅಡಿ ಆಸುಪಾಸಿನವರೆಗೆ ಏರುತ್ತದೆ. ನಿನ್ನ ಫೋಟೋದಲ್ಲೂ ಸ್ವಿಚ್ ಬೋರ್ಡಿಗಿಂತ ಕೆಳಗೇ ನಿಂತಿದೆ.

ಅಮ್ಮನ ಕೋಣೆಯದು ಬೂಷ್ಟು. ಬೀರು ಗೋಡೆಗೆ ಅಂಟಿಕೊಂಡಿದೆ, ಹಿಂದೆ ಗಾಳಿಯೇ ಆಡುವುದಿಲ್ಲ. ಕೋಣೆಯ ಗಾಳಿಯ ತೇವ ತಣ್ಣಗಿನ ಗೋಡೆಗೆ ತಾಗಿ ನೀರಾಗುತ್ತದೆ. ಅದೇ ಬೂಷ್ಟಿಗೆ ಸಾಕು. ಆದರೂ ಇದು ಕೋಣೆಯ ತೇವವೋ, ಗೋಡೆಯೊಳಗಿನ ತೇವವೋ ಅಂತ ಖಚಿತ ಮಾಡಿಕೊಳ್ಳಬೇಕು. ಸುಲಭದ ದಾರಿ ಇದೆ. ಒಂದು ಅಡಿ ಉದ್ದಗಲದ ದಪ್ಪ ಪ್ಲಾಸ್ಟಿಕ್ ಹಾಳೆ ತೆಗೆದುಕೋ. ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಹಾಕು. ಎರಡು ದಿನ ಬಿಡು. ಆಮೇಲೆ ಹಾಳೆಯ ಒಳಮೈ, ಅಂದರೆ ಗೋಡೆಯ ಕಡೆಯ ಮೈ, ಒದ್ದೆಯಾಗಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈ ಒದ್ದೆಯಾಗಿದ್ದರೆ ಕೋಣೆಯ ಗಾಳಿಯ ತೇವ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನಿರುವ ಮನೆಯ ಮಲಗುವ ಕೋಣೆಯಲ್ಲಿ ಹೀಗೇ ಒಂದು ಅಂಗೈ ಅಗಲದ ತೇವ ಇತ್ತು. ಬಂದ ಪೇಂಟರ್ "ಒಂದು ಕೈ ಪುಟ್ಟಿ ಎಳೆದರೆ ಮುಚ್ಚಿಹೋಗುತ್ತದೆ ಮೇಡಂ" ಅಂದರು. ಪುಟ್ಟಿ ಅಂದರೆ ಗೋಡೆಯ ಏರುತಗ್ಗು ತುಂಬುವ ಲೇಪ. ಸರಿ ಅಂದೆ. ಮೊದಲ ತಿಂಗಳು ಎಷ್ಟು ಚೆನ್ನಾಗಿತ್ತು ಗೊತ್ತಾ! ಮೂರನೇ ತಿಂಗಳಿಗೆ ಮಂಚದ ತಲೆಯ ಹತ್ತಿರ ಒಂದು ಗುಳ್ಳೆ ಎದ್ದಿತು. ಬೆರಳಿಟ್ಟು ಒತ್ತಿದರೆ ಮೆತ್ತಗಿತ್ತು. ಪಿನ್ ತಂದು ಚುಚ್ಚಿದೆ. ಒಂದು ಹನಿ ನೀರು ಹೊರಗೆ ಬಂದು ನಿಧಾನವಾಗಿ ನನ್ನ ಮುಂಗೈವರೆಗೆ ಹರಿಯಿತು. ಬಣ್ಣ, ಪುಟ್ಟಿ ಎರಡೂ ಒಟ್ಟಿಗೆ ಒಣಗಿದ ಎಲೆಯ ಹಾಗೆ ಕೈಗೆ ಬಂದವು. ಗೋಡೆಯ ಆಚೆ ಬದಿ ಬಚ್ಚಲು, ಒಳಗೆ ನಲ್ಲಿಯ ಪೈಪಿನ ಜಾಯಿಂಟು ಜಿನುಗುತ್ತಿತ್ತು. ಪೈಪು ಸರಿಮಾಡಲು ಹಿಡಿದದ್ದು ಅರ್ಧ ದಿನ. ಗೋಡೆ ಒಣಗಲು ತಿಂಗಳುಗಳೇ ಹಿಡಿದವು. ಗೋಡೆಯ ಒಂದೊಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಅನ್ನುವ ಲೆಕ್ಕವನ್ನು ಕೆಲಸದವರು ಹೇಳುತ್ತಾರೆ. ನನಗೆ ಅದು ನಿಜವಾಗಿಯೇ ಕಂಡಿತು. ನೀನು ಹೇಳುವ ಎಂಟು ದಿನ ಇದಕ್ಕೆ ಎಲ್ಲಿ ಸಾಲುತ್ತದೆ ಹೇಳು?

ಇನ್ನೊಂದು ವಿಷಯ. ಮಗು ಈಗ ಅಂಬೆಗಾಲಿಡುತ್ತಿದೆ ಅಲ್ವಾ, ಅದಕ್ಕೇ ಇದನ್ನು ಖಂಡಿತ ಕೇಳಿಸಿಕೋ. ನೀವಿರುವ ಮನೆಯ ಬಾಗಿಲು ಕಿಟಕಿಗಳ ಎನಾಮಲ್ ಬಣ್ಣ ತುಂಬಾ ಹಳೆಯದು. ಹಳೆಯ ಬಣ್ಣಗಳಲ್ಲಿ ಸೀಸ (ಲೆಡ್) ಇರುವ ಸಾಧ್ಯತೆ ಜಾಸ್ತಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವನ್ನು ಅಮೆರಿಕದಲ್ಲಿ 1978ರಲ್ಲೇ ನಿಷೇಧಿಸಿದರು. ಭಾರತದಲ್ಲಿ 90 ಪಿಪಿಎಂಗಿಂತ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ, ಜಾಸ್ತಿ ಇರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಮಕ್ಕಳ ಮೈಗೆ ಇಷ್ಟು ಸೀಸ ಹೋದರೆ ಪರವಾಗಿಲ್ಲ ಅನ್ನುವ ಮಿತಿಯೇ ಇಲ್ಲ. ಬಣ್ಣ ಗಟ್ಟಿಯಾಗಿ ಕೂತಿರುವವರೆಗೆ ಅಷ್ಟು ಭಯವಿಲ್ಲ. ಒಣ ಸ್ಯಾಂಡ್ ಪೇಪರಿನಲ್ಲಿ ಉಜ್ಜಿದಾಗ ಏಳುವ ಧೂಳೇ ಅಪಾಯ. ಅದು ನೆಲದಲ್ಲಿ ಕೂರುತ್ತದೆ, ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಹಾಗಾಗಿ ಬಾಗಿಲು ಕಿಟಕಿಗಳನ್ನು ಮೆಷಿನ್ ಹಾಕಿ ಉಜ್ಜಿಸಬೇಡ, ಬೆಂಕಿ ತೋರಿಸಿ ಸುಡಿಸಬೇಡ. ನೀರು ಚಿಮುಕಿಸಿಕೊಂಡು ಒದ್ದೆ ಇರುವಾಗಲೇ ಹಗುರವಾಗಿ ಉಜ್ಜಬೇಕು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಆ ದಿನಗಳಲ್ಲಿ ಮಗುವನ್ನು ನಮ್ಮ ಮನೆಗೆ ಕಳಿಸು. ನಾನು ನೋಡಿಕೊಳ್ಳುತ್ತೇನೆ.

ಹಳೆಯ ಬಣ್ಣ ಯಾವುದು ಅಂತ ತಿಳಿಯದೆ ಹೊಸದನ್ನು ಹೊಡೆಸಬಾರದು. ಬಾಗಿಲಿನ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯಿಂದ ಉಜ್ಜು. ಹತ್ತಿಗೆ ಬಣ್ಣ ಬಂದರೆ ಅದು ನೀರಿನ ಬಣ್ಣ, ಬರದಿದ್ದರೆ ಎಣ್ಣೆಯ ಬಣ್ಣ. ಎಣ್ಣೆ ಬಣ್ಣದ ನುಣುಪಿನ ಮೇಲೆ ನೀರಿನ ಬಣ್ಣವನ್ನು ಹಾಗೇ ಹೊಡೆದರೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಒಳಗಿನ ಗೋಡೆಗಳಿಗೆ ಅಂಗೈ ಸವರಿ ನೋಡು. ಪುಡಿ ಅಂಟಿದರೆ ಕೆಳಗೆ ಸುಣ್ಣವೋ, ಡಿಸ್ಟೆಂಪರ್ ಅನ್ನುವ ಹಳೆಯ ಪುಡಿಬಣ್ಣವೋ ಇದೆ. ಅದನ್ನು ಕೆರೆದು ತೊಳೆದು ಪ್ರೈಮರ್ ಹಾಕದಿದ್ದರೆ ಎಷ್ಟು ಒಳ್ಳೆಯ ಎಮಲ್ಷನ್ (ನೀರಿನಲ್ಲಿ ಕಲಸುವ ಗೋಡೆ ಬಣ್ಣ) ಹೊಡೆದರೂ ನಿಲ್ಲುವುದಿಲ್ಲ. ಹೋದ ಸಲ ಹಾಲಿನ ಸ್ವಿಚ್ ಬೋರ್ಡ್ ಬದಲಿಸುವಾಗ ನೆನಪಿದೆಯಾ? ಪ್ಲೇಟ್ ತೆಗೆದಾಗ ಸುತ್ತ ಅಂಚಿನಲ್ಲಿ ಬಣ್ಣದ ಪದರಗಳು ಒಂದರ ಮೇಲೊಂದು ಕಂಡಿದ್ದವು. ಕ್ರೀಮು, ಅದರ ಕೆಳಗೆ ತಿಳಿ ಹಸಿರು, ಅದರ ಕೆಳಗೆ ಅಪ್ಪ ಹೊಡೆಸಿದ ನೀಲಿ, ಎಲ್ಲದಕ್ಕೂ ಕೆಳಗೆ ಬಿಳಿ ಸುಣ್ಣ. ಉಗುರಿನಿಂದ ತೀಡಿದರೆ ಸುಣ್ಣದ ಪದರದಲ್ಲೇ ಕಳಚಿಕೊಳ್ಳುತ್ತಿತ್ತು. ಮೇಲಿನ ಮೂರೂ ಅದನ್ನೇ ನಂಬಿಕೊಂಡು ನಿಂತಿವೆ. ನಾಲ್ಕನೆಯದನ್ನೂ ಅದರ ಮೇಲೇ ಹೊರಿಸುವುದು ಬೇಡ.

ಅಣ್ಣ ಹೊಸ ಪ್ಲಗ್ ಪಾಯಿಂಟ್ ವಿಷಯ ಹೇಳಿದರಲ್ಲ, ಅವರು ಹೇಳಿದ್ದು ಸರಿ. ಗೋಡೆ ಕೊರೆಯುವ ಕೆಲಸ ಏನೇ ಇದ್ದರೂ ಬಣ್ಣಕ್ಕೆ ಮೊದಲೇ ಆಗಬೇಕು. ವೈರು, ಪೈಪು, ಕಿಟಕಿ ರಿಪೇರಿ ಎಲ್ಲಾ. ಕೊರೆದ ಜಾಗಕ್ಕೆ ಮೆತ್ತಿದ ಸಿಮೆಂಟು ಪಕ್ವವಾಗಲು 28 ದಿನ ಬಿಡಬೇಕು. ಹಸಿ ಸಿಮೆಂಟಿನಲ್ಲಿ ಕ್ಷಾರ ಜಾಸ್ತಿ. ಅವಸರ ಮಾಡಿದರೆ ಆ ಗೆರೆಯ ಉದ್ದಕ್ಕೂ ಬಣ್ಣ ಮಾಸಿದ ಹಾಗೆ ಕಾಣುತ್ತದೆ.

ಚಿಕ್ಕಮ್ಮಾ, ನೀವು ಕೇಳಿದ ಶೇಡ್ ವಿಷಯಕ್ಕೆ ಬರುತ್ತೇನೆ. ಎಲ್ಲಾ ಕೋಣೆಗೂ ಒಂದೇ ಬಣ್ಣ ಬೇಕಾಗಿಲ್ಲ ಅಂತ ನನಗೆ ಅನ್ನಿಸುತ್ತದೆ. ಶೇಡ್ ಕಾರ್ಡ್ ನೋಡಿ ಮಾತ್ರ ತೀರ್ಮಾನ ಮಾಡುವುದು ಬೇಡ. ಬೆರಳಷ್ಟು ಚೌಕದಲ್ಲಿ ತಿಳಿಯಾಗಿ ಕಂಡ ಬಣ್ಣ ನಾಲ್ಕು ಗೋಡೆಗೂ ಬಿದ್ದಾಗ ಗಾಢವಾಗಿ ಕಾಣುತ್ತದೆ. ಸಣ್ಣ ಡಬ್ಬಿ ತಂದು ಎರಡಡಿ ರಟ್ಟಿಗೆ ಹೊಡೆದು, ಅದನ್ನು ಬೆಳಿಗ್ಗೆ ಕಿಟಕಿಯ ಪಕ್ಕ, ರಾತ್ರಿ ದೀಪದಡಿ ಇಟ್ಟು ನೋಡೋಣ. ಹಳದಿ ಬಲ್ಬಿನ ಕೆಳಗೆ ತಿಳಿ ನೀಲಿ ಮಂಕಾಗುತ್ತದೆ, ಬಿಳಿ ಬಲ್ಬಿನ ಕೆಳಗೆ ಕ್ರೀಮು ಸಪ್ಪೆಯಾಗುತ್ತದೆ. ಅಮ್ಮನ ಕೋಣೆಗೆ ಮಾತ್ರ ನನ್ನದೊಂದು ಬೇಡಿಕೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿ ತಿರುಗುತ್ತದೆ, ಬೆಳಕು ಜಾಸ್ತಿ ಬೇಕಾಗುತ್ತದೆ, ನೀಲಿ ಬಣ್ಣಗಳ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಗೋಡೆ ತಿಳಿಯಾಗಿರಲಿ, ಬಾಗಿಲಿನ ಚೌಕಟ್ಟು ಎದ್ದು ಕಾಣುವ ಹಾಗೆ ಗಾಢವಾಗಿರಲಿ. ರಾತ್ರಿ ಎದ್ದಾಗ ಬಾಗಿಲು ಎಲ್ಲಿದೆ ಅಂತ ತಡಕಾಡಬಾರದು. ಹೊಳಪಿನ ಬಣ್ಣ ಬೇಡ. ಕಣ್ಣಿಗೆ ಕುಕ್ಕುತ್ತದೆ, ಗೋಡೆಯ ಏರುತಗ್ಗನ್ನೂ ಎತ್ತಿ ತೋರಿಸುತ್ತದೆ. ಹೊಳಪಿಲ್ಲದ ಮ್ಯಾಟ್ ಸಾಕು. ಅಡುಗೆಮನೆಗೆ ಮಾತ್ರ ತೊಳೆಯಬಹುದಾದದ್ದೇ ಬೇಕು.

ಬಣ್ಣ ಎಷ್ಟು ಬೇಕು ಅಂತ ಅಣ್ಣ ಕೇಳಿದ್ದರು. ಅಮ್ಮನ ಕೋಣೆ 10 ಅಡಿಗೆ 12 ಅಡಿ, ಎತ್ತರ 10 ಅಡಿ. ನಾಲ್ಕು ಗೋಡೆ ಸೇರಿ 440 ಚದರ ಅಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 400. ಒಂದು ಲೀಟರ್ ಎಮಲ್ಷನ್ ಒಂದು ಕೋಟ್ ಹೊಡೆಯಲು ಹೆಚ್ಚುಕಮ್ಮಿ 100ರಿಂದ 130 ಚದರ ಅಡಿ ಹಿಡಿಯುತ್ತದೆ. ಎರಡು ಕೋಟ್ ಹೊಡೆಯಲು ಏಳೆಂಟು ಲೀಟರ್ ಬೇಕು. ಒಂದು ಕೋಣೆಗೆ ಬೇಕಾದಷ್ಟನ್ನು ಒಂದೇ ಸಲ ತಂದು, ಎಲ್ಲಾ ಡಬ್ಬಿ ಒಂದೇ ದೊಡ್ಡ ಬಕೆಟ್ಟಿಗೆ ಸುರಿದು ಕಲಸಿ. ಒಂದೇ ನಂಬರಿನ ಬಣ್ಣವಾದರೂ ಬೇರೆ ಬೇರೆ ದಿನ ಮಿಕ್ಸ್ ಮಾಡಿದ್ದು ಗೋಡೆಯ ಮೇಲೆ ಬೇರೆಯಾಗಿ ಕಾಣಬಹುದು. ಮೊದಲು ಚಾವಣಿ, ಆಮೇಲೆ ಗೋಡೆ, ಕೊನೆಗೆ ಬಾಗಿಲು ಕಿಟಕಿ. ಪೇಂಟರುಗಳಿಗೆ ಇದು ಗೊತ್ತೇ ಇರುತ್ತದೆ. ಎರಡು ಕೋಟ್‌ಗಳ ನಡುವೆ ನಾಲ್ಕು ಗಂಟೆಯಾದರೂ ಬಿಡಲಿ ಅಂತ ಮಾತ್ರ ಹೇಳು. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಗೋಡೆ ತೊಳೆಯಬಾರದು, ಬೀರು ಒರಗಿಸಬಾರದು.

ಮತ್ತೆ, ಒಂದು ನೋಟ್‌ಬುಕ್ ಇಡೋಣ. ಯಾವ ಕೋಣೆ, ಯಾವ ತಿಂಗಳು, ಬಣ್ಣದ ನಂಬರು, ಎಷ್ಟು ಲೀಟರ್ ಹಿಡಿಯಿತು, ಯಾವ ಗೋಡೆಯೊಳಗೆ ವೈರು ಎಲ್ಲಿ ಹೋಗಿದೆ. ವೈರು ಪೈಪು ಮುಚ್ಚುವ ಮೊದಲು ಫೋಟೋ ತೆಗೆದು ಈ ಗ್ರೂಪಿಗೇ ಹಾಕು. ಅಪ್ಪ ಇದ್ದಾಗ ಎಲ್ಲವೂ ಅವರ ತಲೆಯಲ್ಲಿತ್ತು. ಈಗ ಒಂದು ಮೊಳೆ ಹೊಡೆಯಬೇಕಾದರೂ ಯಾರನ್ನು ಕೇಳಬೇಕು ಅಂತ ಗೊತ್ತಾಗುವುದಿಲ್ಲ. ಉಳಿದ ಬಣ್ಣವನ್ನು ಗಾಳಿಯಾಡದ ಸಣ್ಣ ಡಬ್ಬಿಗೆ ತುಂಬಿ ಕೋಣೆಯ ಹೆಸರು ಬರೆದಿಡು. ಮುಂದೆ ಎಲ್ಲಾದರೂ ಕಲೆಯಾದರೆ ಅಷ್ಟಕ್ಕೇ ಹಚ್ಚಿದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಮೂಲೆಯಿಂದ ಮೂಲೆಗೆ ಆ ಒಂದು ಗೋಡೆ ಪೂರ್ತಿ ಹೊಡೆಯಬೇಕು.

ಅಮ್ಮ ಬರುವುದರೊಳಗೆ ಏನು ಮಾಡಬಹುದು ಅಂದರೆ, ನಿನ್ನ ಕೋಣೆ. ಅಲ್ಲಿ ತೇವ ಇಲ್ಲ, ಕೊರೆಯುವ ಕೆಲಸ ಇಲ್ಲ. ಅದು ಮುಗಿದು ವಾಸನೆ ಹೋದ ಮೇಲೆ ಅಮ್ಮ ಅಲ್ಲಿ ಮಲಗಲಿ, ಅವರ ಕೋಣೆಯ ಕೆಲಸ ನಿಧಾನವಾಗಿ ಶುರುಮಾಡೋಣ. ಬೂಷ್ಟನ್ನು ಈಗಲೇ ಸೋಪಿನ ನೀರಲ್ಲಿ ಒರೆಸಿ ಒಣಗಿಸು, ಒಣದಾಗಿ ಉಜ್ಜಬೇಡ, ಮುಖಕ್ಕೆ ಮಾಸ್ಕ್ ಇರಲಿ. ಬೀರುವನ್ನು ಗೋಡೆಯಿಂದ ಮೂರು ಇಂಚು ಮುಂದಕ್ಕೆ ಇಡು.

ಶನಿವಾರ ನಾನು ಬರುತ್ತೇನೆ. ಪ್ಲಾಸ್ಟಿಕ್ ಹಾಳೆ ಇವತ್ತು ರಾತ್ರಿಯೇ ಅಂಟಿಸಿಬಿಡು, ಬಂದಾಗ ಇಬ್ಬರೂ ಸೇರಿ ಬಿಚ್ಚಿ ನೋಡೋಣ. ಅಣ್ಣಾ, ತಾರಸಿಗೆ ಹತ್ತಲು ಏಣಿ ನಿಮ್ಮ ಹತ್ತಿರ ಇದೆಯಲ್ಲ, ಅದನ್ನು ತರುತ್ತೀರಾ?